ಕೂಸ್‌ಕೂಸ್ ಕಲಸುವ ಕೈ

ಮೊದಲ ಸಲ ಆ ಪೊಟ್ಟಣ ಅಡುಗೆಮನೆಗೆ ಬಂದಾಗ ಅಕ್ಕ ಅದನ್ನು ರವೆ ಎಂದೇ ತಿಳಿದಳು. ಹಾಗೆ ತಿಳಿದದ್ದು ತಪ್ಪೂ ಅಲ್ಲ. ಗೋಧಿಯ ವಂಶದ್ದೇ ಕಾಳು, ನೋಡಲೂ ರವೆಯೇ, ತುಸು ದುಂಡಗೆ, ತುಸು ಹಳದಿ. ಒಲೆಯ ಮೇಲೆ ನೀರಿಟ್ಟಳು, ಕುದಿ ಬಂದ ಮೇಲೆ ಸುರಿದಳು, ಗಂಟು ಕಟ್ಟದಿರಲಿ ಎಂದು ಸೌಟು ಆಡಿಸುತ್ತಲೇ ಇದ್ದಳು. ಹತ್ತು ನಿಮಿಷಕ್ಕೆ ಪಾತ್ರೆಯ ತುಂಬ ಗೋಡೆಗೆ ಪೋಸ್ಟರ್ ಅಂಟಿಸಲು ಯೋಗ್ಯವಾದ ಗೋಂದು ತಯಾರಾಗಿತ್ತು.

"ಅಯ್ಯೋ ಅಕ್ಕ, ಏನ್ ಮಾಡಿದ್ರಿ ಇದನ್ನ?" ಎಂದಳು ಸಣ್ಣ ಮೇಡಂ.

"ನೀವು ತಂದ ರವೆ."

"ರವೆ ಅಲ್ಲ ಅದು, ಕೂಸ್‌ಕೂಸ್. ಬೇಯಿಸಬಾರದು. ಬಿಸಿನೀರು ಹುಯ್ದು, ಮುಚ್ಚಿಟ್ಟು, ಐದು ನಿಮಿಷ ಸುಮ್ಮನೆ ಇರಬೇಕು ಅಷ್ಟೆ."

"ಸುಮ್ಮನೆ ಇರೋದಕ್ಕೂ ಅಡುಗೆ ಅಂತಾರಾ?" ಅಕ್ಕ ಪಾತ್ರೆಯನ್ನು ತೊಳೆಯುವ ತೊಟ್ಟಿಗೆ ಹಾಕುತ್ತ ನಕ್ಕಳು. "ಹೆಸರಿಗೆ ತಕ್ಕ ಹಾಗಿದೆ ಬಿಡಿ. ಕೂಸು ಅಂದ್ಮೇಲೆ ಎತ್ತಿ ಆಡಿಸಿದ್ರೆ ಕೆಡುತ್ತೆ. ಮಲಗಿಸಿ ಸುಮ್ಮನಿರಬೇಕು."

ಈ ಅಕ್ಕ ಅಲ್ಲಿ ಯಾರಿಗೂ ಅಕ್ಕನಲ್ಲ. ಇಪ್ಪತ್ತೊಂದು ವರ್ಷದಿಂದ ಆ ಮನೆಯ ಅಡುಗೆಯವಳು. ಎಪ್ಪತ್ತರ ದೊಡ್ಡ ಮೇಡಂ ಕೂಡ ಅವಳನ್ನು ಅಕ್ಕ ಎನ್ನುತ್ತಿದ್ದರು, ಅವರ ಮಗಳು ಸಣ್ಣ ಮೇಡಂ ಕೂಡ ಅಕ್ಕ ಎನ್ನುತ್ತಿದ್ದಳು, ಹಾಲು ಹಾಕುವವನೂ, ಲಿಫ್ಟಿನ ಮುಂದೆ ಕೂರುವ ಕಾವಲುಗಾರನೂ ಅದನ್ನೇ ಕೂಗುತ್ತಿದ್ದರು. ಬಾಯಿ ತುಂಬ ಅಕ್ಕ ಎಂದುಬಿಟ್ಟರೆ ರಜೆಯ ಮಾತು, ಸಂಬಳದ ಮಾತು ತಾವಾಗಿಯೇ ನಾಚಿಕೊಂಡು ಹಿಂದೆ ಸರಿಯುತ್ತವೆ. ಇದು ದೊಡ್ಡ ಮನೆಗಳು ಬಹಳ ಹಿಂದೆಯೇ ಕಂಡುಕೊಂಡ ಉಪಾಯ. ನಾವೂ ಅಕ್ಕ ಎಂದೇ ಕರೆಯೋಣ. ಬೇರೆ ಹೆಸರಿಗೆ ಅವಳು ಓಗೊಡುವುದನ್ನು ಮರೆತು ಎಷ್ಟೋ ಕಾಲವಾಗಿದೆ.

ಸಣ್ಣ ಮೇಡಮ್ಮಿಗೆ ಮೂವತ್ತೊಂದು. ಬ್ಯಾಂಕಿನ ಕೆಲಸ ಬೇಜಾರಾಯಿತೆಂದು ಬಿಟ್ಟು ಬಂದು, ತಾಯಿಯ ಮನೆಯಲ್ಲಿ ಆರು ತಿಂಗಳು ಮಲಗಿ ಎದ್ದಳು. ಅದೇ ಹೊತ್ತಿಗೆ ಡಾಕ್ಟರು ದೊಡ್ಡ ಮೇಡಮ್ಮಿಗೆ ತೂಕ ಇಳಿಸಿ, ಎಣ್ಣೆ ಬಿಡಿ, ಹಸಿ ತರಕಾರಿ ತಿನ್ನಿ ಎಂದಿದ್ದರು. ಒಬ್ಬರ ರೋಗ ಇನ್ನೊಬ್ಬರಿಗೆ ಉದ್ಯೋಗವಾಯಿತು. ಮಗಳು ಕಿಟಕಿಯ ಪಕ್ಕದ ಕಟ್ಟೆಯ ಮೇಲೆ ಫೋನಿಗೊಂದು ಕಬ್ಬಿಣದ ಕತ್ತು ಕಟ್ಟಿ, ಮೇಲಿನಿಂದ ಕೆಳಗೆ ನೋಡುವಂತೆ ಬಗ್ಗಿಸಿ, 'ಸರಳ, ಆರೋಗ್ಯಕರ' ಅಡುಗೆಗಳ ವಿಡಿಯೋ ಮಾಡಲು ಕುಳಿತಳು. ಮುಖ ಕಾಣುವುದಿಲ್ಲ. ಕಾಣುವುದು ಹಲಗೆ, ಬೋಗುಣಿ, ಎರಡು ಕೈ. ಮಾತು ಸಣ್ಣ ಮೇಡಮ್ಮಿನದು. ಕೈ ಅಕ್ಕನದು, ಏಕೆಂದರೆ ಸಣ್ಣ ಮೇಡಂ ಸೌತೆಕಾಯಿಯನ್ನು ಸೌದೆ ಸೀಳಿದ ಹಾಗೆ ಸೀಳುತ್ತಿದ್ದಳು.

ಕೂಸ್‌ಕೂಸ್ ಅಕ್ಕನಿಗೆ ಎರಡನೇ ಸಲಕ್ಕೇ ಒಲಿಯಿತು. ಮೂರನೇ ಸಲಕ್ಕೆ ಅವಳು ಅದಕ್ಕೆ ಬುದ್ಧಿ ಹೇಳುವಷ್ಟು ಸಲಿಗೆ ಬೆಳೆಸಿಕೊಂಡಳು. ನೀರು ಹುಯ್ಯುವ ಮೊದಲು ಕಾಳನ್ನು ಬರಿ ಬಾಣಲೆಯಲ್ಲಿ ಎರಡು ನಿಮಿಷ ಬೆಚ್ಚಗೆ ಮಾಡಿದರೆ ಒಂದಕ್ಕೊಂದು ಅಂಟುವುದಿಲ್ಲ ಎಂದು ಪೊಟ್ಟಣದ ಮೇಲೆ ಬರೆದಿರಲಿಲ್ಲ. ಅದು ಅವಳ ಕೈ ಹೇಳಿದ್ದು. ಸೌತೆಕಾಯಿಗೆ ಉಪ್ಪು ಸವರಿ ಹತ್ತು ನಿಮಿಷ ಬಿಟ್ಟು ಹಿಂಡಬೇಕು, ಹಿಂಡಿದ ನೀರನ್ನು ಚೆಲ್ಲದೆ ಅದಕ್ಕೇ ನಿಂಬೆರಸ, ಆಲಿವ್ ಎಣ್ಣೆ, ಕರಿಮೆಣಸಿನ ಪುಡಿ ಸೇರಿಸಿ ಕಾಳಿಗೆ ಕುಡಿಸಬೇಕು ಎಂಬುದೂ ಅವಳದೇ. ಟೊಮೆಟೊದ ಬೀಜ ತೆಗೆದು ತಿರುಳನ್ನಷ್ಟೇ ಹೆಚ್ಚಿ, ಈರುಳ್ಳಿಯನ್ನು ತಣ್ಣೀರಲ್ಲಿ ಅದ್ದಿ ಘಾಟು ಇಳಿಸಿ, ಬೇಯಿಸಿದ ಬಿಳಿ ಕಡಲೆ, ಪುದೀನ, ಕೊತ್ತಂಬರಿ ಎಲ್ಲ ಹಾಕಿ, ಚಮಚ ಮುಟ್ಟಿಸದೆ ಬೆರಳ ತುದಿಯಿಂದ ಎತ್ತಿ ಎತ್ತಿ ಕಲಸುವಳು. ಬೋಗುಣಿಯಲ್ಲಿ ಕಾಳುಕಾಳಾಗಿ ಬಿಡಿಸಿಕೊಂಡು ಕೂರುತ್ತಿತ್ತು.

"ನಾನು ಇದಕ್ಕೆ ಏನ್ ಮಾಡ್ತೀನಿ ಗೊತ್ತಾ? ಬರೀ ಬಾಣಲೆಯಲ್ಲಿ ಎರಡು ನಿಮಿಷ ಬೆಚ್ಚಗೆ ಮಾಡ್ತೀನಿ," ಎಂದು ವಿಡಿಯೋದಲ್ಲಿ ಸಣ್ಣ ಮೇಡಮ್ಮಿನ ದನಿ ಹೇಳಿತು. ಅದನ್ನು ಲಕ್ಷಗಟ್ಟಲೆ ಜನ ನೋಡಿದರು. ಕೈ ಕೆಸರಾದರೆ ಬಾಯಿ ಮೊಸರು ಎಂದು ಹೇಳಿದ ಹಿರಿಯರು, ಕೈ ಒಬ್ಬರದು ಬಾಯಿ ಒಬ್ಬರದು ಆದರೆ ಏನು ಗತಿ ಎಂಬುದನ್ನು ಹೇಳದೆ ಹೋದರು.

ಅಕ್ಕನಿಗೆ ಆಗ ಅದೇನೂ ಬೇಸರವಾಗಲಿಲ್ಲ, ನಿಜ ಹೇಳಬೇಕೆಂದರೆ ಹಿಗ್ಗೇ ಆಯಿತು. ಅವಳಿದ್ದ ವಠಾರದಲ್ಲಿ ಸಂಜೆ ನೀರು ಹಿಡಿಯುವ ಹೊತ್ತಿಗೆ ಹೆಂಗಸರು ಫೋನು ಹಿಡಿದು ಬರುತ್ತಿದ್ದರು. "ನೋಡ್ರೇ, ಆ ಕೈ ಯಾರದು ಹೇಳಿ? ಎಡಗೈ ಮೇಲೆ ಸುಟ್ಟ ಕಲೆ ಇಲ್ವಾ, ನಮ್ಮ ಅಕ್ಕಂದೇ!" ಎಂದು ಪಕ್ಕದ ಮನೆಯ ದರ್ಜಿ ಹೆಂಗಸು ಸಾರುತ್ತಿದ್ದಳು. ಅಕ್ಕ ಬಿಂದಿಗೆ ಎತ್ತುತ್ತ, "ಸಾಕು ಸುಮ್ನಿರೇ," ಎನ್ನುವಳು, ಆದರೆ ಬಿಂದಿಗೆಯನ್ನು ಎಡಗೈಯಲ್ಲೇ ಎತ್ತುವಳು.

ಆ ಸುಟ್ಟ ಕಲೆಗೆ ನಲವತ್ತು ವರ್ಷ. ಎಂಟನೇ ವಯಸ್ಸಿಗೆ ಅವಳ ತಾಯಿ ಅವಳನ್ನು ಒಂದು ಛತ್ರದ ಅಡುಗೆಮನೆಗೆ ಜೊತೆಗೆ ಕರೆದೊಯ್ದು, ಸ್ಟೂಲಿನ ಮೇಲೆ ನಿಲ್ಲಿಸಿ, ಕೈಗೆ ಸಟ್ಟುಗ ಕೊಟ್ಟಿದ್ದಳು. ಕಾದ ಎಣ್ಣೆ ಮೊಣಕೈವರೆಗೆ ಹರಿದಾಗ ತಾಯಿ ಹಿಟ್ಟು ಮೆತ್ತಿ, "ಅಳಬೇಡ, ಕೈಗೆ ಕೆಲಸ ಹತ್ತುವಾಗ ಹೀಗೇ," ಎಂದಿದ್ದಳು. ಕೆಲಸ ಹತ್ತಿತು. ಹತ್ತಿದ್ದು ಮತ್ತೆ ಇಳಿಯಲಿಲ್ಲ. ಆದ್ದರಿಂದ ಮಗಳು ಹುಟ್ಟಿದ ದಿನ, ಆ ನಾದಿದ ಹಿಟ್ಟಿನಷ್ಟು ಮೆತ್ತಗಿನ ಮುಷ್ಟಿಯನ್ನು ಬಿಡಿಸಿ ನೋಡಿ ಅಕ್ಕ ಒಂದು ನಿಶ್ಚಯ ಮಾಡಿದಳು: ಈ ಕೈ ಇನ್ನೊಬ್ಬರ ಅಡುಗೆಮನೆಯಲ್ಲಿ ಚಾಕು ಹಿಡಿಯಬಾರದು. ಅವಳ ಬದುಕಿನಲ್ಲಿ ಬೇರೆ ಯಾವ ಆಸೆಯೂ ಇರಲಿಲ್ಲ ಎಂದರೆ ನಡೆಯುತ್ತದೆ. ಗಂಡ ತೀರಿಕೊಂಡ ಮೇಲಂತೂ ಅದೊಂದೇ.

ನಿಶ್ಚಯ ಮಾಡಿದವಳು ಅರ್ಧಂಬರ್ಧ ಮಾಡುವ ಜಾತಿಯಲ್ಲ. ಇನ್ನೊಬ್ಬರ ಅಡುಗೆಮನೆ ಎಂದರೆ ಮೊದಲು ತನ್ನ ಅಡುಗೆಮನೆಯಿಂದಲೇ ದೂರ ಇಡಬೇಕು ಎಂದು ಲೆಕ್ಕ ಹಾಕಿದಳು. ಮಗಳು ಐದನೇ ವಯಸ್ಸಿಗೆ ತಟ್ಟೆ ಎತ್ತಿಕೊಂಡು ಬಚ್ಚಲಿಗೆ ಹೊರಟಾಗ ಹೇಳಿದ ಮಾತನ್ನೇ ಹತ್ತೊಂಬತ್ತನೇ ವಯಸ್ಸಿಗೂ ಹೇಳುತ್ತಿದ್ದಳು. "ಇಡು ಅಲ್ಲಿ. ಕೈ ಹಾಳಾಗುತ್ತೆ. ಅಮ್ಮ ತೊಳೀತಾಳೆ." ಕಿತ್ತಳೆ ಸುಲಿದು ಕೊಡುವಳು. ಒಲೆ ಹಚ್ಚಲು ಬಿಡಳು. ಸೂಜಿಗೆ ದಾರ ತಾನೇ ಪೋಣಿಸುವಳು. ವಠಾರದವರು ಹುಡುಗಿಗೆ ಬೆಣ್ಣೆ ಎಂದು ಹೆಸರಿಟ್ಟರು. "ಏನೇ ಬೆಣ್ಣೆ, ಬಿಸಿಲಲ್ಲಿ ನಿಂತಿದೀಯ, ಕರಗೀಯೆ!" ಎಂದು ಕೆಣಕುವರು. ಅಕ್ಕನಿಗೆ ಅದು ಹೊಗಳಿಕೆಯ ಹಾಗೆ ಕೇಳುತ್ತಿತ್ತು.

ಬೆಣ್ಣೆ ಈಗ ಆಸ್ಪತ್ರೆಯ ರಕ್ತಪರೀಕ್ಷೆಯ ಕೋರ್ಸಿನ ಕೊನೆಯ ವರ್ಷದಲ್ಲಿದ್ದಳು. ಬಿಳಿ ಕೋಟು ಹಾಕಿಕೊಂಡು, ಗಾಜಿನ ಮುಂದೆ ಕುಳಿತು ಮಾಡುವ ಕೆಲಸ. ಇನ್ನು ನಾಲ್ಕು ತಿಂಗಳು. ದಿನಾ ಬೆಳಿಗ್ಗೆ ಅಕ್ಕ ಅವಳಿಗೆ ಡಬ್ಬಿ ಕಟ್ಟಿ ಕಳಿಸಿ, ಆಮೇಲೆ ತಾನು ಹೊರಡುವಳು.

ಹೀಗಿರುವಾಗ ಒಂದು ಎಣ್ಣೆ ಕಂಪನಿಯವರು ಸಣ್ಣ ಮೇಡಮ್ಮಿನ ವಿಡಿಯೋಗಳಿಗೆ ದುಡ್ಡು ಹಾಕುತ್ತೇವೆಂದು ಬಂದರು. ಬಂದವನು ಒಬ್ಬ ಜುಟ್ಟಿನವನು, ಕ್ಯಾಮೆರಾ ಹಿಡಿಯುವುದೂ ಅವನೇ. ಕಟ್ಟೆ ನೋಡಿದ, ಬೋಗುಣಿ ನೋಡಿದ, ಬೆಳಕು ನೋಡಿದ, ಆಮೇಲೆ ಅಕ್ಕನ ಕೈ ನೋಡಿದ. ಅಕ್ಕನ ಮುಖ ನೋಡಲಿಲ್ಲ. ಹೊರಗೆ ಹಜಾರದಲ್ಲಿ ಸಣ್ಣ ಮೇಡಮ್ಮಿನೊಂದಿಗೆ ಬಹಳ ಹೊತ್ತು ಮಾತಾಡಿದ.

ಮಾರನೆಯ ದಿನ ಸಣ್ಣ ಮೇಡಂ ಅಡುಗೆಮನೆಗೆ ಬಂದು, ಇಲ್ಲದ ಒಂದು ಕಲೆಯನ್ನು ಕಟ್ಟೆಯ ಮೇಲೆ ಒರೆಸತೊಡಗಿದಳು.

"ಅಕ್ಕ, ನೀವು ತಪ್ಪು ತಿಳ್ಕೋಬೇಡಿ."

ಈ ಮಾತಿನಿಂದ ಶುರುವಾದದ್ದು ಯಾವುದೂ ಒಳ್ಳೆಯದಕ್ಕೆ ಮುಗಿದದ್ದಿಲ್ಲ. ಅಕ್ಕ ಒಲೆ ಸಣ್ಣದು ಮಾಡಿದಳು.

"ನೋಡೋರು ಬಾಯಿಗೆ ಬಂದ ಹಾಗೆ ಬರೀತಾರೆ. ಸುಟ್ಟ ಕಲೆ ನೋಡಿದ್ರೆ ತಿನ್ನೋಕೆ ಮನಸ್ಸಾಗಲ್ಲ ಅಂತೆ. ಉಗುರು ಕಪ್ಪಗಿದೆ ಅಂತೆ. ನಂಗೇನೂ ಇಲ್ಲ ಅಕ್ಕ, ನಾನು ನಿಮ್ಮ ಕೈಯಲ್ಲೇ ತಿಂದು ಬೆಳೆದವಳು. ಆದ್ರೆ ಕಂಪನಿಯವರಿಗೆ ಆರೋಗ್ಯ ಅಂದ್ರೆ ಒಂಥರಾ ಫ್ರೆಶ್ ಆಗಿ ಕಾಣಬೇಕು. ನೀವು ಇರ್ತೀರಾ. ಎಲ್ಲಾ ನೀವೇ ಮಾಡೋದು. ಕೈ ಮಾತ್ರ ಬೇರೆ."

"ಕೈ ಮಾತ್ರ ಬೇರೆ," ಎಂದಳು ಅಕ್ಕ.

"ಹ್ಞೂಂ. ಅಷ್ಟೆ."

ಆ ಸಂಜೆ ಅಕ್ಕ ಮನೆಯಲ್ಲಿ ನಿಂಬೆಸಿಪ್ಪೆಗೆ ಸಕ್ಕರೆ ಅದ್ದಿ ಉಗುರುಗಳನ್ನು ಉಜ್ಜಿದಳು. ಬದನೆಕಾಯಿ, ಬಾಳೆಕಾಯಿ, ಅರಿಶಿನ, ಇಪ್ಪತ್ತೊಂದು ವರ್ಷದ ಕರೆ. ಒಂದು ನಿಂಬೆಹಣ್ಣಿಗೆ ಹೋಗುವುದುಂಟೇ? ಎರಡನೆಯದನ್ನು ಕೊಯ್ದಳು. ಉಗುರಿನ ಬುಡದಲ್ಲಿ ಉರಿ ಹತ್ತಿ ಕಣ್ಣಲ್ಲಿ ನೀರು ಬಂತು. ಬರೀ ಉರಿಗೆ ಬಂದ ನೀರಲ್ಲ ಅದು. ಅವಮಾನವಾಗಿತ್ತು. ಯಾರದೋ ಮನೆಯ ಜನ, ತನ್ನನ್ನು ಒಂದು ದಿನವೂ ನೋಡದವರು, ತನ್ನ ಕೈಗೆ ಅಸಹ್ಯಪಟ್ಟರಲ್ಲ ಎಂದು ಎದೆ ಬೆಂದುಹೋಗುತ್ತಿತ್ತು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಬೆಣ್ಣೆ, "ಏನಾಯ್ತಮ್ಮ?" ಎಂದಳು.

"ನನ್ನ ಕೈ ಸರಿಯಿಲ್ವಂತೆ. ಬೇರೆ ಕೈ ತರ್ತಾರಂತೆ." ಆಮೇಲೆ ಮಗಳ ಮುಖ ನೋಡಿ ದನಿ ಬದಲಾಯಿಸಿದಳು. "ಅದಕ್ಕೇ ಹೇಳೋದು ನಾನು. ಓದು. ನಿನ್ನ ಕೈ ನೋಡಿ ಯಾರೂ ಮುಖ ಕಿವುಚಬಾರದು."

ಬೆಣ್ಣೆ ತನ್ನ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಒಳಗೆ ಹೋದಳು.

ಎರಡು ದಿನದ ನಂತರ, ಕಾಲೇಜಿಗೆ ರಜೆಯಿದ್ದ ಭಾನುವಾರ, ಅಕ್ಕ ಕನ್ನಡಕ ಮರೆತು ಕೆಲಸಕ್ಕೆ ಹೋದಳು. ಬೆಣ್ಣೆ ಅದನ್ನು ಕೊಡಲು ನಾಲ್ಕನೇ ಅಂತಸ್ತಿನ ಆ ಮನೆಗೆ ಬಂದಳು. ಅಕ್ಕ ಮೇಲೆ ತಾರಸಿಯಲ್ಲಿ ಮೆಣಸಿನಕಾಯಿ ಹರವುತ್ತಿದ್ದಳು. ಸಣ್ಣ ಮೇಡಂ ಬಾಗಿಲು ತೆಗೆದು, ಒಳಗೆ ಕೂರಿಸಿ, ಕುಡಿಯಲು ನೀರು ಕೊಟ್ಟಳು. ಆ ಹುಡುಗಿ ಗಾಜಿನ ಲೋಟವನ್ನು ಬೀಳುತ್ತದೋ ಎಂಬ ಭಯದಿಂದ ಎರಡೂ ಕೈಯಲ್ಲಿ ಹಿಡಿದುಕೊಂಡದ್ದನ್ನು ನೋಡಿದಳು. ಹೂವಿನ ತೊಟ್ಟಿನಂಥ ಬೆರಳು, ಒಂದು ಗೆರೆಯಿಲ್ಲ, ಒಂದು ಕಲೆಯಿಲ್ಲ. ಅಕ್ಕ ಕೆಳಗೆ ಬರುವಷ್ಟರಲ್ಲಿ ಮಗಳು ಹೋಗಿಯಾಗಿತ್ತು, ಕನ್ನಡಕ ಮೇಜಿನ ಮೇಲಿತ್ತು. ಇನ್ನೇನು ನಡೆದಿತ್ತೆಂದು ಅಕ್ಕನಿಗೆ ಯಾರೂ ಹೇಳಲಿಲ್ಲ.

ಶೂಟಿಂಗಿನ ದಿನ ಅಕ್ಕ ಏಳಕ್ಕೇ ಬಂದಳು. ಕಂಪನಿಯವರಿಗೆ ಮೊದಲು ಬೇಕಾದದ್ದು ಅದೇ ಕೂಸ್‌ಕೂಸ್ ಸಲಾಡು. ಕಡಲೆ ಬೇಯಿಸಿದಳು, ಕಾಳು ಬೆಚ್ಚಗೆ ಮಾಡಿಟ್ಟಳು, ಈರುಳ್ಳಿ ಅದ್ದಿಟ್ಟಳು, ಟೊಮೆಟೊದ ತಿರುಳು, ಕೆಂಪು ಹಳದಿ ದೊಣ್ಣೆಮೆಣಸು, ಪುದೀನ, ಕೊತ್ತಂಬರಿ ಎಲ್ಲವನ್ನೂ ಹೆಚ್ಚಿ ಪುಟ್ಟ ಪುಟ್ಟ ಗಾಜಿನ ಬಟ್ಟಲಿಗೆ ತುಂಬಿ ಸಾಲಾಗಿ ಜೋಡಿಸಿದಳು. ಸೌತೆಕಾಯಿಯನ್ನು ಮಾತ್ರ ಹಾಗೇ ಬಿಟ್ಟಳು. ಹೆಚ್ಚುವುದು ಕಾಣಲೇಬೇಕಂತೆ, ಇಲ್ಲದಿದ್ದರೆ ಜನ ನಂಬುವುದಿಲ್ಲವಂತೆ.

"ಹೊಸ ಕೈಗೆ ಸ್ವಲ್ಪ ಹೇಳ್ಕೊಡಬೇಕು ಅಕ್ಕ. ಏನೂ ಬರಲ್ಲ ಪಾಪ," ಎಂದಳು ಸಣ್ಣ ಮೇಡಂ, ನಗು ತಡೆದುಕೊಂಡು. ಅವಳ ಕಣ್ಣಲ್ಲಿ ಹಬ್ಬದ ಹಿಂದಿನ ದಿನದ ಮಕ್ಕಳ ಗುಟ್ಟಿತ್ತು.

"ಅದಕ್ಕೇನಂತೆ, ಬರಲಿ. ಯಾವ ಮಹಾತಾಯಿ ಹೆತ್ತ ಮಗಳೋ ನೋಡೋಣ," ಎಂದಳು ಅಕ್ಕ.

ಕರೆಗಂಟೆ ಆಯಿತು. ಬಾಗಿಲು ತೆರೆದು ಒಳಗೆ ಬಂದವಳು ಬೆಣ್ಣೆ. ಉಗುರುಗಳಿಗೆ ತೆಳು ಗುಲಾಬಿ ಬಣ್ಣ ಹಚ್ಚಿದ್ದಳು, ಅಂಗಿಯ ತೋಳನ್ನು ಮೊಣಕೈವರೆಗೆ ಮಡಚಿದ್ದಳು. ತಾಯಿಯನ್ನು ನೋಡದೆ ನೆಲವನ್ನು ನೋಡುತ್ತ ನಿಂತಳು.

"ಸರ್‌ಪ್ರೈಸ್!" ಎಂದು ಸಣ್ಣ ಮೇಡಂ ಚಪ್ಪಾಳೆ ತಟ್ಟಿದಳು. "ಇಷ್ಟು ಚೆಂದದ ಕೈ ಮನೇಲೇ ಇಟ್ಕೊಂಡು ನೀವು ಒಂದು ದಿನವೂ ಹೇಳಿಲ್ವಲ್ಲ ಅಕ್ಕ! ನಾನು ಊರೆಲ್ಲಾ ಹುಡುಕ್ತಿದ್ದೆ. ನಮ್ಮಮ್ಮನಿಗೂ ಎಷ್ಟು ಖುಷಿಯಾಯ್ತು ಗೊತ್ತಾ? ಹೊರಗಿನವರಿಗೆ ಯಾಕೆ ಹೋಗಬೇಕು, ಮನೆಯವರಿಗೇ ಆಗಲಿ ಅಂದ್ರು."

ಅವಳಿಗೆ ಕೆಟ್ಟ ಮನಸ್ಸಿರಲಿಲ್ಲ. ಕೆಟ್ಟ ಮನಸ್ಸಿದ್ದಿದ್ದರೆ ಅಕ್ಕನಿಗೆ ಬೈಯಲಾದರೂ ದಾರಿಯಿರುತ್ತಿತ್ತು.

ಅಕ್ಕ ಮಗಳ ರಟ್ಟೆ ಹಿಡಿದು ಅಡುಗೆಮನೆಯ ಹಿಂದಿನ ಬಾಲ್ಕನಿಗೆ ಎಳೆದುಕೊಂಡು ಹೋದಳು. ಬಟ್ಟೆ ಒಗೆಯುವ ಯಂತ್ರ ಗಡಗಡ ತಿರುಗುತ್ತಿತ್ತು. ಒಳ್ಳೆಯದೇ ಆಯಿತು.

"ಇವತ್ತು ಕಾಲೇಜಿಲ್ವಾ ನಿಂಗೆ?"

"ಹೋಗ್ತಿಲ್ಲ."

"ಇವತ್ತು?"

"ಒಂದೂವರೆ ತಿಂಗಳಾಯ್ತು."

ಅಕ್ಕನಿಗೆ ಮೊದಲು ನೆನಪಾದದ್ದು ಡಬ್ಬಿ. ದಿನವೂ ಕಟ್ಟಿಕೊಟ್ಟದ್ದು, ದಿನವೂ ಖಾಲಿಯಾಗಿ ಬಂದದ್ದು. "ಮತ್ತೆ ಡಬ್ಬಿ?"

"ಪಾರ್ಕಲ್ಲಿ ಕೂತು ತಿಂತಿದ್ದೆ."

ಅಕ್ಕ ಕೈ ಎತ್ತಿದಳು. ಹೊಡೆಯಲಿಲ್ಲ, ಹೊಡೆದು ಅಭ್ಯಾಸವಿರಲಿಲ್ಲ. ಎತ್ತಿದ ಕೈ ಯಂತ್ರದ ಮೇಲೆ ಬಂದು ಕೂತು ಅದರ ಜೊತೆ ತಾನೂ ಅಲುಗಿತು.

"ಹೊಟ್ಟೆ ಬಟ್ಟೆ ಕಟ್ಟಿ ಓದಿಸಿದ್ದು ಇದಕ್ಕೇನೇ? ನಿನ್ನ ಕೈನ ಇಷ್ಟು ವರ್ಷ ಇವರಿಗೋಸ್ಕರ ಕಾಪಾಡಿದ್ನಾ ನಾನು?"

"ಯಾರಿಗೋಸ್ಕರ ಕಾಪಾಡಿದ್ದು ಅಂತ ನೀನೇ ಹೇಳಮ್ಮ," ಎಂದಳು ಬೆಣ್ಣೆ. ದನಿ ಏರಿರಲಿಲ್ಲ. ಬಹಳ ದಿನದಿಂದ ಬಾಯಿಪಾಠ ಮಾಡಿಕೊಂಡ ಹಾಗಿತ್ತು. "ಪ್ರಾಕ್ಟಿಕಲ್ ಎರಡು ಸಲ ಹೋಯ್ತು. ನಂಗೆ ಏನೂ ಹಿಡಿಯೋಕೆ ಬರಲ್ಲ. ಸೂಜಿ ಹಿಡಿದ್ರೆ ಬೆರಳು ನಡುಗುತ್ತೆ. ರಕ್ತದ ನಳಿಕೆ ಕೈ ಜಾರಿ ಬಿತ್ತು, ಯಾರದೋ ಅಜ್ಜಿ ರಕ್ತ, ಎರಡನೇ ಸಲ ಚುಚ್ಚಬೇಕಾಯ್ತು ಅವರಿಗೆ. ಮೇಷ್ಟ್ರು ಎಲ್ಲರ ಮುಂದೆ ಕೇಳಿದ್ರು, ಮನೇಲಿ ಒಂದು ಲೋಟ ಆದ್ರೂ ತೊಳೆದಿದೀಯಾ ಅಂತ. ಎಲ್ಲಾ ನಕ್ಕರು. ನಾನು ಏನ್ ಹೇಳ್ಲಿ? ತೊಳೆದಿಲ್ಲ. ನೀನು ಬಿಟ್ಟಿದ್ಯಾ?"

"ಕಷ್ಟ ಬೇಡ ಅಂತ ಕಣೇ..."

"ಗೊತ್ತು. ಕಷ್ಟ ಬೇಡ ಅಂದೆ, ಕೆಲಸವೂ ಬರಲಿಲ್ಲ. ಇಲ್ಲಿ ಏನೂ ಬರದೇ ಇದ್ರೂ ನಡೆಯುತ್ತಂತೆ. ಕೈ ಚೆನ್ನಾಗಿದ್ರೆ ಸಾಕಂತೆ. ನಂಗೆ ಜಗತ್ತಲ್ಲಿ ಸಿಗೋ ಕೆಲಸ ಇದೊಂದೇ ಅಮ್ಮ."

ಊರಿಗೆಲ್ಲ ಉಪ್ಪು ಖಾರ ಅಳೆದು ಹಾಕಿದವಳು ಮಗಳಿಗೆ ಪ್ರೀತಿ ಹಾಕುವಾಗ ಅಳತೆ ಮರೆತಿದ್ದಳು. ಅಂಗೈ ಹುಣ್ಣಿಗೆ ಕನ್ನಡಿ ಬೇಡ ಎನ್ನುತ್ತಾರೆ. ಹತ್ತೊಂಬತ್ತು ವರ್ಷ ಕಣ್ಣೆದುರೇ ಇದ್ದ ಅಂಗೈ ಅದು, ಆದರೂ ಅವಳಿಗೆ ಕಂಡಿರಲಿಲ್ಲ.

"ನಡಿ ಮನೆಗೆ," ಎಂದಳು. "ಈಗಲೇ. ಕೆಲಸ ಹಾಳಾಗಿಹೋಗಲಿ."

"ನಾನು ಬರಲ್ಲ. ನೀನು ಹೇಳ್ಕೊಟ್ರೂ ಮಾಡ್ತೀನಿ, ಹೇಳ್ಕೊಡದಿದ್ರೂ ಮಾಡ್ತೀನಿ."

ಒಳಗಿನಿಂದ ಜುಟ್ಟಿನವನು ಕೂಗಿದ. "ಬೆಳಕು ಹೋಗ್ತಾ ಇದೆ, ಬೇಗ!"

ಬೆಣ್ಣೆ ಒಳಗೆ ಹೋದಳು. ಅಕ್ಕ ಅಲ್ಲೇ ನಿಂತಳು. ಸೀದಾ ಮೆಟ್ಟಿಲಿಳಿದು ಹೋಗಿಬಿಡಬೇಕು ಎನಿಸಿತು. ಇಪ್ಪತ್ತೊಂದು ವರ್ಷದಲ್ಲಿ ಆ ಕ್ಷಣದಷ್ಟು ಸುಲಭವಾಗಿ ಆ ಮನೆ ಎಂದೂ ಬೇಡವಾಗಿರಲಿಲ್ಲ. ಆದರೆ ಕಟ್ಟೆಯ ಮೇಲೆ ಸೌತೆಕಾಯಿಯ ಪಕ್ಕದಲ್ಲಿ ಅವಳು ಬೆಳಿಗ್ಗೆಯೇ ಕಲ್ಲಿಗೆ ಮಸೆದಿಟ್ಟಿದ್ದ ಚಾಕು ಇತ್ತು. ಕೂದಲು ಸೀಳುವಂತೆ ಮಸೆದಿದ್ದಳು. ಬರುವವಳು ಯಾರದೋ ಮಗಳೆಂದು ಮಸೆದಿದ್ದಳು.

ಅವಳು ಒಳಗೆ ಹೋಗಿ ಮಗಳ ಪಕ್ಕದಲ್ಲಿ, ಚೌಕಟ್ಟಿನಾಚೆ ನಿಂತಳು.

ನೀರು ಹುಯ್ಯುವ ಕೆಲಸ ಸರಾಗವಾಗಿ ಮುಗಿಯಿತು. ಒಂದು ಬಟ್ಟಲು ಕಾಳಿಗೆ ಒಂದು ಬಟ್ಟಲು ಕುದಿನೀರು, ಚಿಟಿಕೆ ಉಪ್ಪು, ಒಂದು ಚಮಚ ಎಣ್ಣೆ. ಬಾಟಲಿಯ ಚೀಟಿ ಕಾಣುವಂತೆ ಹಿಡಿಯಲು ಜುಟ್ಟಿನವನು ಮೂರು ಸಲ ಮಾಡಿಸಿದ. ಮುಚ್ಚಳ ಮುಚ್ಚಿದರು. ಐದು ನಿಮಿಷ ಯಾರೂ ಮುಟ್ಟುವಂತಿಲ್ಲ. ಸಣ್ಣ ಮೇಡಂ ತಾನು ಹೇಳಬೇಕಾದ ಮಾತುಗಳನ್ನು ಕಾಗದದಲ್ಲಿ ನೋಡಿಕೊಳ್ಳುತ್ತಿದ್ದಳು. ತಾಯಿ ಮಗಳು ಮುಚ್ಚಿದ ಬೋಗುಣಿಯನ್ನು ನೋಡುತ್ತ ನಿಂತರು. ಅದರೊಳಗೆ ಕಾಳು ಯಾರ ಕೈಯೂ ಇಲ್ಲದೆ ತನ್ನಷ್ಟಕ್ಕೆ ಅರಳುತ್ತಿತ್ತು.

ಆಮೇಲೆ ಸೌತೆಕಾಯಿ. ಬೆಣ್ಣೆ ಎಡಗೈಯ ಐದೂ ಬೆರಳನ್ನು ಉದ್ದಕ್ಕೆ ಚಾಚಿ ಕಾಯಿಯನ್ನು ಹಲಗೆಗೆ ಒತ್ತಿ ಹಿಡಿದಳು. ಬಲಗೈಯಲ್ಲಿ ಚಾಕುವಿನ ಹಿಡಿಯನ್ನು ತುದಿಯಲ್ಲಿ ಹಿಡಿದಳು, ಪೆನ್ನು ಹಿಡಿದ ಹಾಗೆ. ಮೊದಲ ಹೋಳು ಓರೆಯಾಗಿ ಹಾರಿತು. ಎರಡನೆಯದು ದಪ್ಪವಾಯಿತು. ಚಾಕು ಒಂದೊಂದೇ ಹೋಳಿಗೆ ಆ ಗುಲಾಬಿ ಉಗುರಿನ ಕಡೆ ಬರುತ್ತಿತ್ತು. ಅಕ್ಕ ಹಲ್ಲು ಕಚ್ಚಿದಳು. ಹೇಳಿಕೊಡುವುದಿಲ್ಲ. ಹೇಳಿಕೊಟ್ಟರೆ ಮುಗಿಯಿತು. ತಾಯಿ ತನ್ನನ್ನು ಸ್ಟೂಲಿನ ಮೇಲೆ ನಿಲ್ಲಿಸಿ ಮಾಡಿದ್ದನ್ನೇ ತಾನು ಮಾಡಿದಂತಾಯಿತು. ಚಾಕು ಇನ್ನೂ ಒಂದು ಬೆರಳಗಲ ಹತ್ತಿರ ಬಂತು.

"ಬೆರಳು ಮಡಚೇ!"

ಅಂದದ್ದಷ್ಟೇ ಅಲ್ಲ, ಅವಳ ಕೈ ತಾನಾಗಿ ಮುಂದೆ ಹೋಗಿ ಮಗಳ ಕೈಯ ಮೇಲೆ ಕೂತು, ಆ ಮೆತ್ತಗಿನ ಬೆರಳುಗಳ ತುದಿಯನ್ನು ಒಳಕ್ಕೆ ಮಡಚಿ, ಗೆಣ್ಣುಗಳನ್ನು ಚಾಕುವಿನ ಮೈಗೆ ತಾಗಿಸಿತು. "ಹೀಗೆ. ಗೆಣ್ಣು ಮುಂದೆ, ಉಗುರು ಹಿಂದೆ. ಚಾಕು ಗೆಣ್ಣಿಗೆ ಒರಗಿಕೊಂಡೇ ಏಳಬೇಕು, ಒರಗಿಕೊಂಡೇ ಇಳೀಬೇಕು. ಹಿಡಿನ ಬಿಗಿಯಾಗಿ ಹಿಡಿ, ಹೆಬ್ಬೆರಳು ಅಲಗಿನ ಪಕ್ಕಕ್ಕೆ."

"ಅಕ್ಕ, ನಿಮ್ಮ ಕೈ ಬರ್ತಾ ಇದೆ," ಎಂದ ಜುಟ್ಟಿನವನು. "ಸ್ವಲ್ಪ ತೆಗೀರಿ."

ಅಕ್ಕ ಕೈ ತೆಗೆದಳು. ಆಚೆ ನಿಂತು ಬಾಯಲ್ಲೇ ಹೇಳಿದಳು. ಅವಸರ ಬೇಡ. ತುದಿ ಎತ್ತಬೇಡ, ಹಿಂಭಾಗ ಮಾತ್ರ ಎತ್ತು. ಬೆಣ್ಣೆಯ ಕೈ ಮೊದಲ ಕಾಯಿಗೆ ತಡವರಿಸಿತು, ಎರಡನೆಯದಕ್ಕೆ ದಾರಿ ಹಿಡಿಯಿತು. ಮೂರನೆಯ ಕಾಯಿಗೆ ಹಲಗೆಯ ಮೇಲೆ ಟಕಟಕಟಕ ಎಂಬ ಸದ್ದು ಒಂದೇ ಸಮನೆ ಎದ್ದಿತು. ಹೋಳುಗಳು ಒಂದೇ ಅಳತೆಯಲ್ಲಿ ಬೀಳುತ್ತಿದ್ದವು. ನಡುಕವಿರಲಿಲ್ಲ. ಉಪ್ಪು ಸವರಿ ಹಿಂಡಿದಳು, ರಸ ಬೆರೆಸಿದಳು, ಅರಳಿದ ಕಾಳಿಗೆ ಎಲ್ಲವನ್ನೂ ಸುರಿದು, ಯಾರೂ ಹೇಳದಿದ್ದರೂ ಚಮಚ ಪಕ್ಕಕ್ಕಿಟ್ಟು ಬೆರಳ ತುದಿಯಿಂದ ಎತ್ತಿ ಎತ್ತಿ ಕಲಸಿದಳು.

"ನೂಲಿನಂತೆ ಸೀರೆ, ತಾಯಿಯಂತೆ ಮಗಳು!" ಎಂದು ಸಣ್ಣ ಮೇಡಂ ಸಂಭ್ರಮಪಟ್ಟಳು. ದೊಡ್ಡ ಮೇಡಂ ಹಜಾರದಿಂದಲೇ, "ಭೇಷ್!" ಎಂದರು. ಜುಟ್ಟಿನವನು ಒಂದು ತುತ್ತು ತಿಂದು ಹುಬ್ಬೇರಿಸಿದ.

ಬೆಣ್ಣೆ ಮೊದಲ ಸಲ ತಲೆಯೆತ್ತಿ ತಾಯಿಯನ್ನು ನೋಡಿದಳು. ಅವಳ ಮುಖದಲ್ಲಿ ಅಕ್ಕ ಎಂದೂ ಕಾಣದ ಬೆಳಕಿತ್ತು. ಬಂತು ಅಮ್ಮ, ನಂಗೂ ಬಂತು ಎನ್ನುವ ಬೆಳಕು. ಇಷ್ಟು ಬೇಗ ಕಲಿಯುವ ಕೈ. ಹೇಳಿಕೊಟ್ಟಿದ್ದರೆ ಸೂಜಿಯನ್ನೂ ಹಿಡಿಯುತ್ತಿತ್ತು, ನಳಿಕೆಯನ್ನೂ ಹಿಡಿಯುತ್ತಿತ್ತು. ಅರ್ಧ ತಾಸಿನ ಕೆಲಸ. ಹತ್ತೊಂಬತ್ತು ವರ್ಷದಲ್ಲಿ ಅವಳು ಆ ಅರ್ಧ ತಾಸನ್ನು ಮಗಳಿಗೆ ಕೊಟ್ಟಿರಲಿಲ್ಲ.

ಜುಟ್ಟಿನವನು ದೀಪ ಆರಿಸಿ ತಂತಿ ಸುತ್ತತೊಡಗಿದ. ಅಕ್ಕ ಬಟ್ಟಲುಗಳನ್ನು ಬಳಿದು ತೊಟ್ಟಿಗೆ ಹಾಕಿ ನಲ್ಲಿ ತಿರುಗಿಸಿದಳು. ಬೆಣ್ಣೆ ತಾನು ಕಲಸಿದ ಬೋಗುಣಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬಂದು ತಾಯಿಯ ಪಕ್ಕ ನಿಂತಳು. ತೋಳು ಇನ್ನೂ ಮಡಚಿಯೇ ಇತ್ತು.

"ಸೋಪು ಕೊಡಮ್ಮ. ನಾನು ತೊಳೀತೀನಿ."

ಅಕ್ಕನ ನಾಲಿಗೆಯ ತುದಿಗೆ ಹಳೆಯ ಮಾತು ಬಂದಿತ್ತು. ನುಂಗಿಕೊಂಡಳು. ಇದೊಂದನ್ನಾದರೂ ಕಲಿಯಲಿ, ನನ್ನ ಪಕ್ಕ ನಿಂತು ಒಂದು ಪಾತ್ರೆಯನ್ನಾದರೂ ತೊಳೆಯಲಿ ಎಂದುಕೊಂಡಳು. ಸರಿದು ಜಾಗ ಬಿಟ್ಟಳು. ಸೋಪಿನ ಡಬ್ಬಿಯನ್ನು ಮಗಳ ಕಡೆ ನೂಕಿದಳು.

"ಅಯ್ಯೋ, ಬೇಡ ಬೇಡ!" ಸಣ್ಣ ಮೇಡಂ ಓಡಿ ಬಂದು ಹುಡುಗಿಯ ಕೈಯಿಂದ ಬೋಗುಣಿ ಕಸಿದು ತೊಟ್ಟಿಗಿಟ್ಟಳು. "ಇಡು ಅಲ್ಲಿ. ಕೈ ಹಾಳಾಗುತ್ತೆ. ಅಮ್ಮ ತೊಳೀತಾರೆ."